ಫೋರ್ಕಿ ಕೇಳದೆ ಬಿಟ್ಟ ಪ್ರಶ್ನೆ

ಶಾಲೆಯಲ್ಲಿ ಪಾಠ ಹೇಳುವ ನಮ್ಮಂಥವರು ದಿನವೊಂದಕ್ಕೆ ಎಷ್ಟು ಪ್ರಶ್ನೆ ಕೇಳುತ್ತೇವೆಂದು ಲೆಕ್ಕ ಇಟ್ಟವರಿಲ್ಲ. ಆದರೆ ಆ ಪ್ರಶ್ನೆಗಳಿಗೆಲ್ಲ ಒಂದು ಸಮಾನ ಗುಣವಿದೆ. ಉತ್ತರ ನಮಗೆ ಮೊದಲೇ ಗೊತ್ತಿರುತ್ತದೆ. ಕಾವೇರಿ ಎಲ್ಲಿ ಹುಟ್ಟುತ್ತದೆ ಎಂದು ಗೊತ್ತಿಲ್ಲದೆ ಯಾವ ಟೀಚರೂ ಕೇಳುವುದಿಲ್ಲ. ಮಕ್ಕಳಿಗೂ ಈ ಗುಟ್ಟು ಗೊತ್ತು. ಹಾಗಾಗಿಯೇ ಅವರು ಉತ್ತರ ಹೇಳುವಾಗ ನಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ಮಕ್ಕಳು ಕೇಳುವ ಪ್ರಶ್ನೆಗಳ ಜಾತಿಯೇ ಬೇರೆ. “ಟೀಚರ್, ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ಅಲ್ವಾ? ಹಾಗಾದ್ರೆ ಅದನ್ನ ಯಾಕೆ ಬರೀಬೇಕು?” ಎಂದು ಎರಡನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದ್ದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ತಿಳಿದುಕೊಳ್ಳಬೇಕಿತ್ತು. ಅವೊತ್ತಿನ ಗಣಿತದ ಪೀರಿಯಡ್ಡು ಪೂರ್ತಿ ಸೊನ್ನೆಯ ಚರ್ಚೆಯಲ್ಲೇ ಕಳೆಯಿತು. ಪಾಠ ಒಂದು ದಿನ ಹಿಂದೆ ಬಿದ್ದರೂ ಇಡೀ ತರಗತಿ ಎಚ್ಚರವಾಗಿತ್ತು.

ಇಂಥ ಪ್ರಶ್ನೆ ಕೇಳುವ ಹುಡುಗಿಯರು ಹೈಸ್ಕೂಲಿಗೆ ಬರುವ ಹೊತ್ತಿಗೆ ಎಲ್ಲಿ ಹೋಗಿಬಿಡುತ್ತಾರೆ ಎಂಬುದು ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿರುವ ವಿಷಯ. ಹುಡುಗಿ ಅಲ್ಲೇ, ಅದೇ ಬೆಂಚಿನಲ್ಲೇ ಇರುತ್ತಾಳೆ. ಪ್ರಶ್ನೆ ಮಾತ್ರ ಇರುವುದಿಲ್ಲ. ಮನೆಯಲ್ಲಿ “ಹೆಚ್ಚು ಮಾತು ಬೇಡ” ಎಂದೂ, ಶಾಲೆಯಲ್ಲಿ “ಅದೆಲ್ಲ ಪರೀಕ್ಷೆಗೆ ಬರೋದಿಲ್ಲ” ಎಂದೂ ಕೇಳಿ ಕೇಳಿ, ಕೇಳುವ ಅಭ್ಯಾಸವೇ ತಪ್ಪಿಹೋಗಿರುತ್ತದೆ.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ನಾನು ಇಲ್ಲಿ ಬರೆಯಹೊರಟಿರುವುದು ಹೆಸರಿನಲ್ಲೇ ಪ್ರಶ್ನೆಯನ್ನು ಇಟ್ಟುಕೊಂಡಿರುವ ಒಂದು ಕಾರ್ಟೂನ್ ಮಾಲಿಕೆಯ ಬಗ್ಗೆ. ಅಮೆರಿಕದ ಪಿಕ್ಸಾರ್ ಸಂಸ್ಥೆ ತಯಾರಿಸಿದ ಈ ಮಾಲಿಕೆಯ ಹೆಸರು ‘ಫೋರ್ಕಿ ಆಸ್ಕ್ಸ್ ಎ ಕ್ವೆಶ್ಚನ್’, ಅಂದರೆ ‘ಫೋರ್ಕಿ ಒಂದು ಪ್ರಶ್ನೆ ಕೇಳುತ್ತಾನೆ’. ಒಟ್ಟು ಹತ್ತು ಕಿರುಚಿತ್ರಗಳು. ಒಂದೊಂದೂ ಮೂರ್ನಾಲ್ಕು ನಿಮಿಷದ್ದು, ಹಾಲು ಕಾಯುವಷ್ಟರಲ್ಲಿ ಮುಗಿದುಹೋಗುತ್ತದೆ. ರಜಕ್ಕೆ ಬಂದಿದ್ದ ನನ್ನ ಐದು ವರ್ಷದ ಮೊಮ್ಮಗಳು ಇದನ್ನು ನೋಡುತ್ತಿದ್ದಾಗ ಪಕ್ಕದಲ್ಲಿ ಬೀನ್ಸ್ ನಾರು ತೆಗೆಯುತ್ತ ಕುಳಿತ ನಾನು, ಬರಬರುತ್ತ ಬೀನ್ಸ್ ಬಿಟ್ಟು ಅದನ್ನೇ ನೋಡಿದೆ. ಆಮೇಲೆ ಇದು ಹುಟ್ಟಿಬಂದ ದೊಡ್ಡ ಚಿತ್ರವನ್ನೂ ನೋಡಿದೆ. ನೋಡಿದ ಮೇಲೆ ಒಂದು ತಕರಾರು ಮನಸ್ಸಿನಲ್ಲಿ ಉಳಿಯಿತು.

ಮೊದಲು ಫೋರ್ಕಿ ಯಾರೆಂದು ಹೇಳಬೇಕು. ಪಿಕ್ಸಾರ್‌ನವರ ‘ಟಾಯ್ ಸ್ಟೋರಿ’ 1995ರಲ್ಲಿ ಬಂತು. ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ಚಿತ್ರಿಸಿದ ಮೊದಲ ಪೂರ್ಣಾವಧಿ ಚಲನಚಿತ್ರ ಅದು. ಮನುಷ್ಯರು ಇಲ್ಲದಾಗ ಆಟಿಕೆಗಳು ಜೀವ ತಳೆದು ಮಾತಾಡುತ್ತವೆ ಎಂಬುದು ಅದರ ಕಲ್ಪನೆ. 1999, 2010ರಲ್ಲಿ ಮುಂದಿನ ಭಾಗಗಳು ಬಂದವು. 2019ರ ಜೂನ್‌ನಲ್ಲಿ ಬಂದ ನಾಲ್ಕನೆಯ ಭಾಗವನ್ನು ಜೋಶ್ ಕೂಲಿ ನಿರ್ದೇಶಿಸಿದರು. ಮರುವರ್ಷ ಅದಕ್ಕೆ ಆಸ್ಕರ್ ಕೂಡ ಬಂತು. ಆ ಭಾಗದಲ್ಲಿ ಬಾನಿ ಎಂಬ ಪುಟ್ಟ ಹುಡುಗಿ ಶಿಶುವಿಹಾರಕ್ಕೆ ಮೊದಲ ದಿನ ಹೋಗುತ್ತಾಳೆ. ಯಾರೂ ಜೊತೆಗಿಲ್ಲ, ಅಳು ಬರುವಂತಿದೆ. ಅವಳ ಚೀಲದಲ್ಲಿ ಕದ್ದು ಬಂದಿದ್ದ ಹಳೆಯ ಗೊಂಬೆ ವುಡಿ, ಕಸದ ಬುಟ್ಟಿಯಲ್ಲಿ ಬಿದ್ದಿದ್ದ ಸಾಮಾನುಗಳನ್ನು ಅವಳ ಕಣ್ತಪ್ಪಿಸಿ ಮೇಜಿನ ಮೇಲೆ ಹಾಕುತ್ತಾನೆ. ಮದುವೆ ಊಟದಲ್ಲಿ ಐಸ್‌ಕ್ರೀಮಿನ ಜೊತೆ ಕೊಡುತ್ತಾರಲ್ಲ, ಅಂಥ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚಮಚ. ತುದಿಯಲ್ಲಿ ಫೋರ್ಕಿನ ಹಾಗೆ ಹಲ್ಲುಗಳಿವೆ. ಹುಡುಗಿ ಅದಕ್ಕೆ ಕೆಂಪು ತಂತಿಯ ಕೈ ಸುತ್ತುತ್ತಾಳೆ, ಒಂದು ದೊಡ್ಡದು ಒಂದು ಚಿಕ್ಕದು ಎಂಬಂತೆ ಎರಡು ಕಣ್ಣು ಅಂಟಿಸುತ್ತಾಳೆ, ಮುರಿದ ಐಸ್‌ಕ್ಯಾಂಡಿ ಕಡ್ಡಿಯ ಪಾದ ಮಾಡಿ ಅದರ ಅಡಿಯಲ್ಲಿ ತನ್ನ ಹೆಸರು ಬರೆಯುತ್ತಾಳೆ. ಅವನೇ ಫೋರ್ಕಿ. ನಮ್ಮ ಶಾಲೆಗಳಲ್ಲಿ ‘ಕಸದಿಂದ ರಸ’ ಎಂದು ಮಾಡಿಸುತ್ತೇವಲ್ಲ, ಅದೇ ಬಗೆಯ ಕೆಲಸ.

ತಮಾಷೆ ಎಂದರೆ ಫೋರ್ಕಿಗೆ ಈ ಬಡ್ತಿ ಬೇಕಿಲ್ಲ. ತಾನು ಕಸ, ತನ್ನ ಜಾಗ ಕಸದ ಬುಟ್ಟಿ ಎಂಬುದರಲ್ಲಿ ಅವನಿಗೆ ಅನುಮಾನವೇ ಇಲ್ಲ. ವುಡಿ ಎಷ್ಟು ಸಲ ಎತ್ತಿ ತಂದು ಮಲಗಿಸಿದರೂ ಅಷ್ಟು ಸಲ ಓಡಿ ಹೋಗಿ ಬುಟ್ಟಿಗೆ ಹಾರುತ್ತಾನೆ. ಅಲ್ಲಿ ಅವನಿಗೆ ಬೆಚ್ಚಗಿರುತ್ತದೆ, ಭಯವಿರುವುದಿಲ್ಲ. ಮೊಮ್ಮಗಳು ಇಲ್ಲಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ಈ ನಗೆಯ ಒಳಗೊಂದು ಮುಳ್ಳಿದೆ. ‘ನಾನು ಇಷ್ಟೇ, ನನ್ನ ಜಾಗ ಇಲ್ಲೇ’ ಎಂದು ನಂಬಿಕೊಂಡವರನ್ನು ಅಲ್ಲಿಂದ ಎಬ್ಬಿಸುವುದು ಎಷ್ಟು ಕಷ್ಟ ಎಂದು ಹಿಂದಿನ ಬೆಂಚಿನ ಮಕ್ಕಳಿಗೆ ಪಾಠ ಹೇಳಿದ ಯಾರಿಗಾದರೂ ಗೊತ್ತು. ಅಡಿಗೆಮನೆಯಲ್ಲಿ ಕೊನೆಯ ಪಂಕ್ತಿಗೆ ಉಳಿದದ್ದನ್ನು ಉಣ್ಣುತ್ತ “ನನಗಿದೇ ಸಾಕು” ಎನ್ನುವ ಹೆಂಗಸರಿಗೂ ಗೊತ್ತು. ಕೊನೆಗೆ ರಾತ್ರಿಯ ರಸ್ತೆಯಲ್ಲಿ ವುಡಿಯೊಡನೆ ನಡೆಯುತ್ತ ಹೋಗುವಾಗ ಫೋರ್ಕಿಗೆ ಅರ್ಥವಾಗುತ್ತದೆ. ತನಗೆ ಕಸದ ಬುಟ್ಟಿ ಕೊಡುವ ನೆಮ್ಮದಿಯನ್ನೇ ಬಾನಿಗೆ ತಾನು ಕೊಡುತ್ತಿದ್ದೇನೆ ಎಂದು. ಅವನ ಮಾತಿನಲ್ಲೇ ಹೇಳುವುದಾದರೆ ಅವನು ಬಾನಿಯ ಕಸ! ಉಪದೇಶವಿಲ್ಲದೆ, ಅವನಿಗೆ ಗೊತ್ತಿದ್ದ ಒಂದೇ ಪದದಿಂದ ಅವನಿಗೆ ಪ್ರೀತಿಯನ್ನು ತಿಳಿಸಿದ ಆ ದೃಶ್ಯ ಒಂದು ಒಳ್ಳೆಯ ಪಾಠದ ಮಾದರಿಯಂತಿದೆ. ಮಗುವಿಗೆ ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗಬೇಕೆಂದು ಬಿ.ಎಡ್.ನಲ್ಲಿ ನಾವು ಉರು ಹೊಡೆದದ್ದು ಇದನ್ನೇ.

ಈ ಫೋರ್ಕಿಯನ್ನು ನಾಯಕನನ್ನಾಗಿ ಮಾಡಿಕೊಂಡು ಮಾಲಿಕೆ ಹುಟ್ಟಿತು. 2019ರ ನವೆಂಬರ್ 12ರಂದು ಡಿಸ್ನಿ ಕಂಪೆನಿ ಅಮೆರಿಕದಲ್ಲಿ ‘ಡಿಸ್ನಿ ಪ್ಲಸ್’ ಎಂಬ ತನ್ನ ಸೇವೆಯನ್ನು ಆರಂಭಿಸಿದ ದಿನವೇ ಇದರ ಮೊದಲ ಕಂತೂ ಬಂತು. ಬರೆದು ನಿರ್ದೇಶಿಸಿದವರು ಬಾಬ್ ಪೀಟರ್ಸನ್, ಫೋರ್ಕಿಗೆ ದನಿ ಕೊಟ್ಟವರು ದೊಡ್ಡ ಚಿತ್ರದಲ್ಲೂ ದನಿ ಕೊಟ್ಟಿದ್ದ ಟೋನಿ ಹೇಲ್. ಒಂದೊಂದು ಕಂತಿಗೂ ಒಂದೊಂದು ಪ್ರಶ್ನೆಯೇ ಶೀರ್ಷಿಕೆ. ದುಡ್ಡು ಅಂದರೇನು? ಗೆಳೆಯ ಅಂದರೆ ಯಾರು? ಕಲೆ ಅಂದರೇನು? ಕಾಲ ಅಂದರೇನು? ಪ್ರೀತಿ ಅಂದರೇನು? ಹೀಗೆಯೇ ಕಂಪ್ಯೂಟರ್, ನಾಯಕ, ಸಾಕುಪ್ರಾಣಿ, ಓದು. ಇವುಗಳ ಜೊತೆಗೆ ಚೀಸ್ ಅಂದರೇನು ಎಂಬುದೂ ಉಂಟು. ಪ್ರೀತಿಯನ್ನೂ ಚೀಸನ್ನೂ ಒಂದೇ ಪಟ್ಟಿಯಲ್ಲಿ ಕೂರಿಸಿದ್ದಾರಲ್ಲ ಎಂದು ದೊಡ್ಡವರಿಗೆ ನಗು ಬರಬಹುದು. ಆದರೆ ಮಗುವಿನ ಪಟ್ಟಿ ಹಾಗೆಯೇ ಇರುವುದು. ಜಗತ್ತಿಗೆ ಹೊಸದಾಗಿ ಬಂದವರಿಗೆ ಯಾವುದು ದೊಡ್ಡ ವಿಷಯ, ಯಾವುದು ಚಿಕ್ಕ ವಿಷಯ ಎಂದು ಇನ್ನೂ ಯಾರೂ ಹೇಳಿಕೊಟ್ಟಿರುವುದಿಲ್ಲ. ಈ ಪಟ್ಟಿ ಮಾಡಿದವರಿಗೆ ಮಕ್ಕಳ ಮನಸ್ಸು ಗೊತ್ತು ಎಂದು ನಾನು ಧಾರಾಳವಾಗಿ ಒಪ್ಪುತ್ತೇನೆ.

ಇನ್ನು ಉತ್ತರ ಹೇಳುವವರನ್ನು ನೋಡಿ. ದುಡ್ಡಿನ ಬಗ್ಗೆ ಹೇಳುವವನು ಹ್ಯಾಮ್. ಅವನು ಹಂದಿಯ ಆಕಾರದ ಹುಂಡಿ, ಹೊಟ್ಟೆಯಲ್ಲಿ ಚಿಲ್ಲರೆ ಕಾಸು ಇಟ್ಟುಕೊಂಡವನು. ಕಲೆಯ ಬಗ್ಗೆ ಹೇಳುವವನು ಪ್ರಿಕಲ್‌ಪ್ಯಾಂಟ್ಸ್ ಎಂಬ ಮುಳ್ಳುಹಂದಿ ಗೊಂಬೆ, ತನ್ನನ್ನು ತಾನು ಮಹಾನಟ ಎಂದುಕೊಂಡವನು. ಕಂಪ್ಯೂಟರಿನ ಬಗ್ಗೆ, ಹಿಂದಿನ ಭಾಗದಿಂದಲೂ ಕಂಪ್ಯೂಟರಿನ ಮುಂದೆಯೇ ಕೂರುವ ಟ್ರಿಕ್ಸಿ. ಕಾಲದ ಬಗ್ಗೆ ಪ್ಲಾಸ್ಟಿಕ್ಕಿನ ಡೈನೋಸಾರ್ ರೆಕ್ಸ್. ಅವನ ಕುಲವೇ ಕಾಲದ ಹೊಟ್ಟೆಗೆ ಹೋದದ್ದಲ್ಲವೆ! ಒಬ್ಬೊಬ್ಬರೂ ತಾವು ಏನೋ ಅದನ್ನೇ ಉತ್ತರವಾಗಿ ಹೇಳುತ್ತಾರೆ. ಇದು ಬಹಳ ಚುರುಕಾದ ಹಾಸ್ಯ, ಮತ್ತು ನಿಜಕ್ಕೆ ಹತ್ತಿರವಾದ ಹಾಸ್ಯ. ನಮ್ಮಲ್ಲೂ ಮದುವೆ ಎಂದರೇನು ಎಂದು ಅಕ್ಕಸಾಲಿಗನನ್ನು ಕೇಳಿದರೆ ಒಂದು ಉತ್ತರ, ಅಡಿಗೆಭಟ್ಟರನ್ನು ಕೇಳಿದರೆ ಇನ್ನೊಂದು, ಪುರೋಹಿತರನ್ನು ಕೇಳಿದರೆ ಮತ್ತೊಂದು. ಯಾರೂ ಸುಳ್ಳು ಹೇಳುವುದಿಲ್ಲ. ಆದರೆ ಮದುವಣಗಿತ್ತಿ ಕೇಳಿದ್ದಕ್ಕೆ ಇವರಲ್ಲಿ ಯಾರೂ ಉತ್ತರ ಹೇಳಿರುವುದಿಲ್ಲ.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ದೊಡ್ಡ ಚಿತ್ರದಲ್ಲಿ ಫೋರ್ಕಿಯ ಪ್ರಶ್ನೆ ಅವನ ಜೀವದ ಪ್ರಶ್ನೆಯಾಗಿತ್ತು. ನಾನು ಆಟಿಕೆಯೋ ಕಸವೋ ಎಂಬುದರ ಮೇಲೆ ಅವನು ಬುಟ್ಟಿಗೆ ಹಾರಬೇಕೋ ಹಾಸಿಗೆಯಲ್ಲಿ ಮಲಗಬೇಕೋ ಎಂಬುದು ನಿಂತಿತ್ತು. ಮಾಲಿಕೆಯಲ್ಲಿ ಪ್ರಶ್ನೆಗಳೇನೋ ಹತ್ತಾದವು, ಆದರೆ ಒಂದೂ ಅವನಿಗೆ ತಾಗುವುದಿಲ್ಲ. ದುಡ್ಡು ಅಂದರೇನೆಂದು ತಿಳಿದರೂ ತಿಳಿಯದಿದ್ದರೂ ಅವನಿಗೆ ಆಗಬೇಕಾದ್ದೇನೂ ಇಲ್ಲ. ಪ್ರಶ್ನೆ ಇಲ್ಲಿ ಬಾಗಿಲು ತೆರೆಯುವ ಅಗುಳಿ ಅಷ್ಟೆ. ಬಾಗಿಲು ತೆರೆದರೆ ಸರಿ, ಒಳಗಿಂದ ಹ್ಯಾಮ್ ಬಂದು ನಗಿಸುತ್ತಾನೆ, ರೆಕ್ಸ್ ಬಂದು ನಗಿಸುತ್ತಾನೆ. ಕೇಳಿದವನು ಮರೆತೇಹೋಗುತ್ತಾನೆ. ಕಿರುಚಿತ್ರಕ್ಕೆ ಇರುವುದೇ ನಾಲ್ಕು ನಿಮಿಷ, ಅಷ್ಟರಲ್ಲಿ ಆಳಕ್ಕೆ ಇಳಿಯುವುದು ಹೇಗೆ ಎಂದು ಯಾರಾದರೂ ಕೇಳಬಹುದು. ನಾಲ್ಕು ನಿಮಿಷ ಕಡಿಮೆಯಲ್ಲ. ತರಗತಿಯಲ್ಲಿ ಹಾಜರಿ ಕರೆಯುವಷ್ಟು ಹೊತ್ತಿನಲ್ಲಿ ಯಾವ ಮಗು ಊಟ ಮಾಡದೆ ಬಂದಿದೆ ಎಂದು ನಮಗೆ ತಿಳಿದುಹೋಗುತ್ತದೆ.

ಸಾಲದು ಎಂಬುದಕ್ಕೆ ಮಾಲಿಕೆಯಲ್ಲೇ ಸಾಕ್ಷಿ ಇದೆ. ಹತ್ತರಲ್ಲಿ ಎರಡು ಕಂತುಗಳು ಈ ಅಚ್ಚಿನಿಂದ ತಪ್ಪಿಸಿಕೊಂಡಿವೆ. ಒಂದು, ಗೆಳೆಯನ ಕುರಿತದ್ದು. ಅಲ್ಲಿ ಫೋರ್ಕಿ ಮಾತಾಡುವುದು ಒಂದು ಕಾಫಿ ಮಗ್ಗಿನ ಜೊತೆ. ಮಗ್ಗು ಆಟಿಕೆಯಲ್ಲ, ಆದ್ದರಿಂದ ಅದಕ್ಕೆ ಜೀವವಿಲ್ಲ, ಮಾತಿಲ್ಲ. ಅದು ಸುಮ್ಮನಿರುತ್ತದೆ, ಇವನು ಹೇಳುತ್ತ ಹೋಗುತ್ತಾನೆ. ಗೆಳೆಯ ಎಂದರೆ ಹೀಗಿರಬೇಕು, ಹಾಗಿರಬೇಕು ಎಂದು ಅವನೇ ಯೋಚಿಸಿಕೊಳ್ಳುತ್ತಾನೆ. ನಗಿಸುವುದಕ್ಕೆಂದೇ ಮಾಡಿದ್ದು, ನಗುವೂ ಬರುತ್ತದೆ. ಆದರೆ ಉತ್ತರ ಹೇಳಲು ಯಾರೂ ಇಲ್ಲದ ಈ ಕಂತಿನಲ್ಲೇ ಫೋರ್ಕಿ ಹೆಚ್ಚು ಯೋಚಿಸುತ್ತಾನೆ ಎಂಬುದನ್ನು ಗಮನಿಸಬೇಕು. ಪ್ರಶ್ನೆ ಕೇಳಿದ ಮಗುವಿನ ಎದುರು ಕೆಲವು ಸಲ ಆ ಮಗ್ಗಿನ ಹಾಗೆ ಕೂತಿರುವುದೂ ಒಂದು ವಿದ್ಯೆ. ಸಮಯಕ್ಕೆ ಸರಿಯಾಗಿ ಸುಮ್ಮನಿರುವುದನ್ನು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ.

ಇನ್ನೊಂದು, ಪ್ರೀತಿಯ ಕುರಿತದ್ದು. ಇಲ್ಲಿ ಉತ್ತರ ಹೇಳುವುದು ಬಾನಿ ಎಳೆಯ ಕೂಸಾಗಿದ್ದಾಗ ಆಡಿ ಬಿಟ್ಟ ನಾಲ್ಕು ಹಳೆಯ ಆಟಿಕೆಗಳು. ಒಂದು ಕುರ್ಚಿ, ಒಂದು ಹುಲಿ, ಒಂದು ಆನೆ, ಒಂದು ಖಡ್ಗಮೃಗ. ಕಪಾಟಿನೊಳಗೆ ಕಾಲ ಕಳೆಯುತ್ತಿರುವ ಇವುಗಳಿಗೆ ದನಿ ಕೊಟ್ಟವರು ಕ್ಯಾರಲ್ ಬರ್ನೆಟ್, ಬೆಟ್ಟಿ ವೈಟ್, ಮೆಲ್ ಬ್ರೂಕ್ಸ್ ಮತ್ತು ಕಾರ್ಲ್ ರೈನರ್. ಅಮೆರಿಕದ ಟೆಲಿವಿಷನ್ ಹುಟ್ಟಿದ ಕಾಲದಿಂದ ಜನರನ್ನು ನಗಿಸುತ್ತ ಬಂದವರು ಇವರು. ಆಟಿಕೆಗಳ ಹೆಸರುಗಳೂ ಇವರ ಹೆಸರಿನ ಮೇಲಿನ ಆಟವೇ. ಕುರ್ಚಿಗೆ ‘ಚೇರಲ್ ಬರ್ನೆಟ್’, ಆನೆಗೆ ‘ಮೆಲಿಫೆಂಟ್ ಬ್ರೂಕ್ಸ್’. ರೈನರ್ ಮತ್ತು ವೈಟ್ ಇಬ್ಬರೂ 1922ರಲ್ಲಿ ಹುಟ್ಟಿದವರು, ಅಂದರೆ ಈ ದನಿಗಳಿಗೆ ತೊಂಬತ್ತು ದಾಟಿತ್ತು. ರೈನರ್ 2020ರ ಜೂನ್‌ನಲ್ಲಿ ತೀರಿಕೊಂಡರು, ವೈಟ್ 2021ರ ಡಿಸೆಂಬರಿನ ಕೊನೆಯ ದಿನ, ನೂರು ತುಂಬಲು ಮೂರು ವಾರವಿದೆ ಎನ್ನುವಾಗ. ಈ ಕಂತಿಗೆ 2020ರಲ್ಲಿ ಕಿರು ಕಾರ್ಟೂನ್ ವಿಭಾಗದ ಎಮ್ಮಿ ಪ್ರಶಸ್ತಿ ಬಂತು. ಸರಿಯಾದ ಆಯ್ಕೆಯೇ. ಮುದುಕ ಆಟಿಕೆಗಳ ಬಾಯಲ್ಲಿ ಪ್ರೀತಿ ಎಂಬ ಮಾತು ಬಂದಾಗ ಅದರ ಹಿಂದೆ ಬದುಕಿದ ದನಿಯ ತೂಕವಿದೆ. ಅವರಿಗೆ ಪ್ರೀತಿ ಅವರ ಕಸುಬಲ್ಲ, ನೆನಪು. ಹುಂಡಿ ದುಡ್ಡಿನ ಬಗ್ಗೆ ಹೇಳುವುದಕ್ಕೂ ಆಡುವವರಿಲ್ಲದ ಆಟಿಕೆ ಪ್ರೀತಿಯ ಬಗ್ಗೆ ಹೇಳುವುದಕ್ಕೂ ಎಷ್ಟೊಂದು ಅಂತರ!

ಕಪಾಟಿನ ಮಾತು ಬಂದಾಗ ವುಡಿಯ ನೆನಪಾಗುತ್ತದೆ. ದೊಡ್ಡ ಚಿತ್ರದಲ್ಲಿ ಇದೇ ಕಪಾಟಿನಲ್ಲಿ ಇದೇ ನಾಲ್ವರ ಜೊತೆ ವುಡಿ ಕೂತಿರುತ್ತಾನೆ. ಬಾನಿ ಈಗೀಗ ಅವನನ್ನು ಆಟಕ್ಕೆ ಕರೆಯುತ್ತಿಲ್ಲ, ಅವನ ಮೇಲೆ ಧೂಳು ಕೂತಿದೆ. ಹಾಗಾಗಿಯೇ ಅವನು ರಾತ್ರಿ ನಿದ್ದೆಗೆಟ್ಟು ಫೋರ್ಕಿಯನ್ನು ಕಾಯುತ್ತಾನೆ. ತನ್ನಿಂದ ಇನ್ನೂ ಏನಾದರೂ ಉಪಯೋಗವಿದೆ ಎಂದು ಅನ್ನಿಸಿಕೊಳ್ಳಲು ಅವನಿಗೆ ಉಳಿದಿರುವುದು ಅದೊಂದೇ. ಮಕ್ಕಳು ರೆಕ್ಕೆ ಬಲಿತು ಹಾರಿಹೋದ ಮನೆಗಳಲ್ಲಿ, ಬೇಡವೆಂದರೂ ಕೇಳದೆ ಉಪ್ಪಿನಕಾಯಿ ಹಾಕಿ ಪಾರ್ಸೆಲ್ ಕಳಿಸುವ ನಮ್ಮ ವಯಸ್ಸಿನವರಿಗೆ ಈ ವುಡಿ ಪರಕೀಯನಲ್ಲ. ಒಮ್ಮೆ ಬಳಸಿ ಎಸೆಯುವ ಚಮಚ ಒಂದು ಕಡೆ, ಬಳಸಿ ಬಳಸಿ ಹಳತಾದ ಗೊಂಬೆ ಇನ್ನೊಂದು ಕಡೆ. ಇಬ್ಬರ ನಡುವೆ ಇದ್ದ ಪ್ರಶ್ನೆ ಒಂದೇ. ಕಸ ಅಂದರೇನು? ಯಾವಾಗ ಒಂದು ವಸ್ತು ಕಸವಾಗುತ್ತದೆ, ಯಾರು ಹಾಗೆಂದು ತೀರ್ಮಾನಿಸುತ್ತಾರೆ?

ಹತ್ತು ಪ್ರಶ್ನೆಗಳಲ್ಲಿ ಫೋರ್ಕಿ ಇದೊಂದನ್ನು ಕೇಳಲಿಲ್ಲ. ಅವನೊಬ್ಬನೇ ಅಧಿಕಾರದಿಂದ ಕೇಳಬಹುದಾಗಿದ್ದ ಪ್ರಶ್ನೆ ಅದು. ಏಕೆ ಕೇಳಿಸಲಿಲ್ಲ? ಬಹುಶಃ ದೊಡ್ಡ ಚಿತ್ರ ಅದನ್ನು ಆಗಲೇ ಮುಗಿಸಿದೆ ಎಂದು ಅಂದುಕೊಂಡರೇನೋ. ಆದರೆ ಅದು ಮುಗಿಯುವ ಪ್ರಶ್ನೆಯಲ್ಲ. ಚಿತ್ರದ ಹೊರಗೆ ಏನಾಯಿತು ನೋಡಿ. ಕಸದಿಂದ ಮಗುವೊಂದು ಕೈಯಾರೆ ಮಾಡಿದ ಆಟಿಕೆ ಎಂಬುದೇ ಫೋರ್ಕಿಯ ಜೀವಾಳ. ಅದನ್ನೇ ಕಾರ್ಖಾನೆಯಲ್ಲಿ ಮಾಡಿ ಡಿಸ್ನಿಯ ಅಂಗಡಿಗಳಲ್ಲಿ ಮಾರಿದರು. 2019ರ ಜುಲೈನಲ್ಲಿ ಅಂಥ ಮೆತ್ತನೆಯ ಫೋರ್ಕಿ ಗೊಂಬೆಗಳನ್ನು, ಅಮೆರಿಕದಲ್ಲಿ ಮಾರಿದ್ದೇ ಸುಮಾರು 80,000, ವಾಪಸು ಕರೆಸಿಕೊಳ್ಳಬೇಕಾಯಿತು. ಅಂಟಿಸಿದ ಕಣ್ಣು ಕಿತ್ತು ಬಂದು ಎಳೆಯ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿತ್ತು. ಒಂದು ಚಮಚ, ಒಂದಿಷ್ಟು ತಂತಿ, ಎರಡು ಕಡ್ಡಿಯಿಂದ ಯಾವ ಮಗುವಾದರೂ ದೊಡ್ಡವರ ಪಕ್ಕದಲ್ಲಿ ಕೂತು ಮಾಡಿಕೊಳ್ಳಬಹುದಾದ್ದನ್ನು ಕೊಂಡುಕೊಳ್ಳುವ ಸಾಮಾನನ್ನಾಗಿ ಮಾಡಿದ ಈ ವ್ಯಾಪಾರವನ್ನು ನೋಡಿದ್ದರೆ ಫೋರ್ಕಿ ‘ಕಸ ಅಂದರೇನು?’ ಎಂದು ಕೇಳದೆ ಬಿಡುತ್ತಿರಲಿಲ್ಲ. ಹ್ಯಾಮ್ ಏನು ಉತ್ತರ ಹೇಳುತ್ತಿದ್ದನೋ!

ನನ್ನ ತಕರಾರಿನ ತಿರುಳನ್ನು ದೊಡ್ಡ ಚಿತ್ರದ ಒಂದು ತುಣುಕೇ ಹೇಳುತ್ತದೆ. ಕಥೆ ಮುಗಿದು ಹೆಸರುಗಳು ಬರತೊಡಗಿದಾಗ ಅನೇಕರು ಎದ್ದುಬಿಡುತ್ತಾರೆ. ಏಳಬಾರದು. ಬಾನಿ ಒಂದನೆಯ ತರಗತಿಗೆ ಹೋಗಿ ಇನ್ನೊಂದು ಆಟಿಕೆ ಮಾಡಿಕೊಂಡು ಬರುತ್ತಾಳೆ. ಈ ಸಲ ಪ್ಲಾಸ್ಟಿಕ್ ಚಾಕುವಿಗೆ ಕಣ್ಣು ಮೂಗು. ಅವಳೂ ಹೆದರಿದ್ದಾಳೆ, ಅವಳಿಗೂ ತಾನು ಕಸವೆಂಬ ಶಂಕೆ. ಈಗ ಅನುಭವಸ್ಥನಾದ ಫೋರ್ಕಿ ಮುಂದೆ ಬಂದು, ತಾನೆಲ್ಲ ವಿವರಿಸುವುದಾಗಿ ಧೈರ್ಯ ಹೇಳುತ್ತಾನೆ. ಆಗ ಅವಳು, ತನಗೆ ಜೀವ ಬಂದದ್ದು ಹೇಗೆ ಎಂದು ಕೇಳುತ್ತಾಳೆ. ಫೋರ್ಕಿ ಹೇಳುತ್ತಾನೆ, ಗೊತ್ತಿಲ್ಲ ಎಂದು.

ಇಡೀ ಚಿತ್ರದಲ್ಲಿ ನನಗೆ ಬಹಳ ಹಿಡಿಸಿದ ಮಾತು ಅದು. ತಮಾಷೆಗೆಂದೇ ಬರೆದದ್ದು, ನಿಜ. ಆದರೆ ಆ ‘ಗೊತ್ತಿಲ್ಲ’ದಲ್ಲಿ ಸಂಕೋಚವಿಲ್ಲ. ಗೊತ್ತಿಲ್ಲದವರಿಬ್ಬರು ಪರಸ್ಪರ ಜೊತೆಯಾದರು ಅಷ್ಟೆ. ಮಾಲಿಕೆಯ ಹುಂಡಿಗೂ ನಟನಿಗೂ ಡೈನೋಸಾರಿಗೂ ಇಂಥ ಮಾತು ಹೇಳುವ ಅವಕಾಶವನ್ನೇ ಕೊಟ್ಟಿಲ್ಲ. ಬಲ್ಲವರ ಸಾಲನ್ನೇ ನಿಲ್ಲಿಸಿ, ಫೋರ್ಕಿಯನ್ನು ಮತ್ತೆ ಏನೂ ತಿಳಿಯದವನನ್ನಾಗಿ ಮಾಡಿಬಿಟ್ಟರು. ದೊಡ್ಡ ಚಿತ್ರದ ಕೊನೆಗೆ ಇನ್ನೊಬ್ಬಳಿಗೆ ಆಸರೆಯಾಗುವಷ್ಟು ಬೆಳೆದಿದ್ದ ಪಾತ್ರ, ಮಾಲಿಕೆಗೆ ಬರುವಾಗ ಹಿಂದಿನ ಬೆಂಚಿಗೆ ವಾಪಸಾಯಿತು. ಬೆಳೆದ ಮಕ್ಕಳನ್ನು ಕೈಯಾರೆ ಫೇಲ್ ಮಾಡಿ ಅದೇ ತರಗತಿಯಲ್ಲಿ ಕೂರಿಸಿದ ಹಾಗೆ.

ಹಾಗೆಂದು ಮಕ್ಕಳಿಗೆ ಇದನ್ನು ತೋರಿಸಬೇಡಿ ಎಂದು ನಾನು ಹೇಳುವವಳಲ್ಲ. ಹೊಡೆದಾಟವಿಲ್ಲ, ಕೆಟ್ಟ ಮಾತಿಲ್ಲ, ಚೊಕ್ಕವಾದ ಹಾಸ್ಯ. ಆದರೆ ಎರಡು ಮಾತು ಹೇಳುತ್ತೇನೆ. ದೊಡ್ಡ ಚಿತ್ರವನ್ನು ಮೊದಲು ತೋರಿಸಿ, ಕೊನೆಯ ಹೆಸರು ಹೋಗುವವರೆಗೂ ಕೂತಿರಿ. ಮಾಲಿಕೆಯ ಕಂತುಗಳನ್ನು ಒಂದರ ಹಿಂದೆ ಒಂದು ಓಡಲು ಬಿಡಬೇಡಿ. ಒಂದು ಕಂತಿನ ಪ್ರಶ್ನೆ ಬಂದ ಕೂಡಲೇ ನಿಲ್ಲಿಸಿ, ಹ್ಯಾಮ್ ಬಾಯಿ ತೆರೆಯುವ ಮುಂಚೆ ಮಗುವನ್ನೇ ಕೇಳಿ. ನಾನು ಹೀಗೆ ಮಾಡಿದಾಗ ಮೊಮ್ಮಗಳು “ದುಡ್ಡು ಅಂದ್ರೆ ಅಮ್ಮ ಆಫೀಸಿಗೆ ಹೋಗೋದು” ಎಂದಳು. ಹ್ಯಾಮ್‌ನ ಹೊಟ್ಟೆಯಲ್ಲಿ ಇಂಥ ಉತ್ತರವಿಲ್ಲ.

ಮರುದಿನ ಅವಳು ಕೇಳಿದ್ದು ಬೇರೆಯೇ. “ಅಜ್ಜಿ, ಫೋರ್ಕಿಯ ಕೈ ಬಿದ್ದುಹೋದ್ರೆ ಅವನು ಮತ್ತೆ ಚಮಚ ಆಗ್ತಾನಾ?” ಹತ್ತು ಕಂತುಗಳಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ. ಗೊತ್ತಿಲ್ಲ ಕಣೇ, ನಿನಗೆ ಏನನ್ನಿಸ್ತದೆ ಎಂದೆ. ಅವಳು ಬಹಳ ಹೊತ್ತು ಯೋಚಿಸಿದಳು. ಆಮೇಲೆ, ಬಾನಿ ಹೆಸರು ಬರೆದಿದಾಳಲ್ಲ, ಅದು ಇರೋ ತನಕ ಆಗಲ್ಲ ಎಂದಳು.